ಚುರುಕು ಹ್ಯಾಚ್‌ಬ್ಯಾಕಿನ ಏಳುಬೀಳು: ಮಾರಾಟದ ಅಂಕಿಗಳು ಅಭಿರುಚಿಗೆ ಸಾಕ್ಷಿಯೆ?

೧

ಜನರ ಅಭಿರುಚಿಯ ಇತಿಹಾಸವನ್ನು ಬರೆಯಹೊರಡುವವರಿಗೆ ಮಾರಾಟದ ಅಂಕಿಗಳಷ್ಟು ಸುಲಭವಾಗಿ ಕೈಗೆ ಸಿಗುವ ಸಾಮಗ್ರಿ ಮತ್ತೊಂದಿಲ್ಲ. ಇಂಥ ವರ್ಷ ಇಂಥ ಸರಕು ಹೆಚ್ಚು ಮಾರಿತು, ಆದುದರಿಂದ ಜನ ಅದನ್ನು ಮೆಚ್ಚಿದರು. ಮುಂದೆ ಅದು ಕಡಮೆ ಮಾರಿತು, ಆದುದರಿಂದ ಅವರಿಗೆ ಅದು ಬೇಡವಾಯಿತು ಎಂಬ ತರ್ಕ ಎಷ್ಟು ಸಹಜವಾಗಿ ತೋರುತ್ತದೆಯೆಂದರೆ, ಅದನ್ನು ಪರೀಕ್ಷಿಸಬೇಕೆಂಬ ಯೋಚನೆಯೇ ನಮಗೆ ಹುಟ್ಟುವುದಿಲ್ಲ. ನಮ್ಮ ತರಗತಿಗಳಲ್ಲಿ ಆರ್ಥಿಕ ಇತಿಹಾಸವನ್ನು ಓದುವ ವಿದ್ಯಾರ್ಥಿಗಳು ಪ್ರಬಂಧಗಳಲ್ಲಿ ಈ ತರ್ಕವನ್ನೇ ಮತ್ತೆ ಮತ್ತೆ ಬಳಸುತ್ತಾರೆ. ಕಲಿಸುವ ನಾವೂ ಅದನ್ನು ಅನೇಕ ವೇಳೆ ತಿದ್ದದೆ ಬಿಟ್ಟಿದ್ದೇವೆ. ಆ ತರ್ಕ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಒಂದು ನಿರ್ದಿಷ್ಟ ಉದಾಹರಣೆಯ ಮೂಲಕ ನೋಡುವುದು ಪ್ರಕೃತ ಲೇಖನದ ಉದ್ದೇಶ.

ನಾವು ಆರಿಸಿಕೊಂಡಿರುವ ಉದಾಹರಣೆ ಮೋಟಾರು ಕಾರಿನದು. ಕಾರುಗಳ ಅಧ್ಯಯನ ಇತಿಹಾಸ ವಿಭಾಗಕ್ಕೆ ತಕ್ಕದ್ದೆ ಎಂದು ಕೆಲವರು ಕೇಳಬಹುದು. ನೇಯ್ಗೆ, ನಾಣ್ಯ, ಮಡಕೆಗಳ ಮೂಲಕ ಸಮಾಜವನ್ನು ಅರಿಯಲು ಯತ್ನಿಸುವ ಶಾಸ್ತ್ರಕ್ಕೆ ಕಾರು ಹೊರತಾಗಬೇಕಾದ ಕಾರಣವಿಲ್ಲವೆಂಬುದೇ ನಮ್ಮ ಉತ್ತರ. ೧೯೭೦ರ ದಶಕದಲ್ಲಿ ಯೂರೋಪಿನಲ್ಲಿ ಹುಟ್ಟಿ, ೧೯೮೦ರ ದಶಕದಲ್ಲಿ ತರುಣರ ಕನಸಾಗಿ, ಇಂದು ಒಂದೊಂದಾಗಿ ಮರೆಯಾಗುತ್ತಿರುವ ಚುರುಕು ಹ್ಯಾಚ್‌ಬ್ಯಾಕ್ ಕಾರು ಇಲ್ಲಿಯ ವಿಷಯ. ಅದರ ಜಾಗವನ್ನು ಆಕ್ರಮಿಸಿರುವುದು ಕ್ರಾಸ್‌ಓವರ್; ಅದು ಹುಟ್ಟುವ ಮೊದಲು ಮೆರೆಯುತ್ತಿದ್ದುದು ಸೆಡಾನ್. ಈ ಮೂರರ ನಡುವೆ ನಡೆದ ಸ್ಪರ್ಧೆಯಲ್ಲಿ ಗೆಲವನ್ನು ನಿರ್ಣಯಿಸಿದ್ದು ಜನರ ಇಷ್ಟವೆ, ಅಥವಾ ಬೇರೆ ಏನಾದರೂ ಇದೆಯೆ?

ಮೊದಲು ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಎಂಜಿನ್ನಿಗೆ ಒಂದು, ಜನರಿಗೆ ಒಂದು, ಸಾಮಾನಿಗೆ ಒಂದು—ಹೀಗೆ ಮೂರು ಪೆಟ್ಟಿಗೆಗಳನ್ನು ಜೋಡಿಸಿದಂತಿರುವುದು ಸೆಡಾನ್. ನಮ್ಮ ಹಿರಿಯರು ಕಂಡ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳು ಈ ಜಾತಿಯವು. ಪ್ರತ್ಯೇಕ ಡಿಕ್ಕಿಯಿಲ್ಲದೆ, ಹಿಂಬದಿಯ ಗಾಜೂ ಬಾಗಿಲೂ ಒಟ್ಟಿಗೆ ಮೇಲಕ್ಕೆ ತೆರೆದುಕೊಳ್ಳುವುದು ಹ್ಯಾಚ್‌ಬ್ಯಾಕ್. ೧೯೮೩ರಲ್ಲಿ ಬಂದ ಮಾರುತಿ ೮೦೦ನ್ನು ಇಲ್ಲಿ ನೆನೆಯಬಹುದು. ಜೀಪಿನಂತೆ ಎತ್ತರವಾಗಿ, ದೃಢವಾಗಿ ಕಾಣುತ್ತಿದ್ದರೂ ಒಳಗೆ ಸಾಮಾನ್ಯ ಕಾರಿನ ಚೌಕಟ್ಟನ್ನೇ ಹೊಂದಿರುವುದು ಕ್ರಾಸ್‌ಓವರ್. ಈ ಕೊನೆಯದಕ್ಕೂ ಹಿಂಬಾಗಿಲೇ ಇರುತ್ತದೆ, ಡಿಕ್ಕಿಯಲ್ಲ. ಮುಂದಿನ ವಿವೇಚನೆಗೆ ಇದು ಮುಖ್ಯವಾದ ಸಂಗತಿ.

೨

ಹಿಂಬಾಗಿಲಿನ ಕಾರು ಬಡವರ ಹಾಗೂ ವ್ಯಾಪಾರಿಗಳ ಅನುಕೂಲಕ್ಕಾಗಿ ಹುಟ್ಟಿತು, ವೇಗಕ್ಕಾಗಿ ಅಲ್ಲ. ೧೯೬೧ರ ರೆನೋ ೪ ಹಳ್ಳಿಯ ರೈತನಿಗೂ ಪಟ್ಟಣದ ಗುಮಾಸ್ತನಿಗೂ ಒದಗುವಂತೆ ರಚಿತವಾಗಿತ್ತು. ೧೯೬೫ರ ರೆನೋ ೧೬ ಅದೇ ಅನುಕೂಲವನ್ನು ಮಧ್ಯಮವರ್ಗದ ಮನೆಗೆ ಕೊಂಡೊಯ್ದಿತು. ೧೯೬೭ರಲ್ಲಿ ಫ್ರಾನ್ಸಿನಲ್ಲಿಯೇ ಸಿಮ್ಕಾ ೧೧೦೦ ಎಂಬ ಕಾರು ಹೊರಬಂದಿತು: ಮುಂದಿನ ಚಕ್ರಗಳಿಗೆ ಚಾಲನೆ, ಅಡ್ಡಲಾಗಿ ಕೂರಿಸಿದ ಎಂಜಿನ್, ಹಿಂಬಾಗಿಲು. ಇಂದಿನ ಸಣ್ಣ ಕಾರಿನ ಲಕ್ಷಣಗಳೆಲ್ಲ ಅದರಲ್ಲಿ ಕೂಡಿದ್ದುವು.

ಈ ಸಿಮ್ಕಾ ೧೧೦೦ರ ಸಂತಾನವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ೧೯೭೦ರ ದಶಕದ ಪೂರ್ವಾರ್ಧದಲ್ಲಿ ೮೨ ಅಶ್ವಶಕ್ತಿಯ ಎಂಜಿನ್ ಹಾಕಿ ‘ಟಿಐ’ ಎಂಬ ಚುರುಕಾದ ರೂಪವನ್ನು ಅದಕ್ಕೆ ಕೊಟ್ಟರು. ೧೯೭೭ರಲ್ಲಿ ಮಾತ್ರಾ ಸಂಸ್ಥೆ ಅದೇ ಕಾರಿನ ಅಂಗಾಂಗಗಳ ಮೇಲೆ ಎತ್ತರದ ಮೈಯನ್ನು ಕೂರಿಸಿ ‘ರಾಂಚೊ’ ಎಂಬ ವಾಹನವನ್ನು ಮಾಡಿತು. ಕಾಡುಮೇಡುಗಳನ್ನು ಹತ್ತುವ ಜೀಪಿನ ವೇಷ. ಆದರೆ ಚಾಲನೆ ಮುಂದಿನ ಎರಡೇ ಚಕ್ರಗಳಿಗೆ. ಹೀಗೆ ಚುರುಕು ಹ್ಯಾಚ್‌ಬ್ಯಾಕೂ ಕ್ರಾಸ್‌ಓವರೂ ಒಂದೇ ತಾಯಿಯ ಮಕ್ಕಳಾಗಿ, ಹೆಚ್ಚು ಅಂತರವಿಲ್ಲದೆ ಹುಟ್ಟಿದವು. ಇದರಿಂದ ಒಂದು ಮಾತು ಸಿದ್ಧವಾಗುತ್ತದೆ: ಒಂದು ಕಾಲ ಇದಕ್ಕೆ, ಮತ್ತೊಂದು ಕಾಲ ಅದಕ್ಕೆ ಎಂದು ಯುಗಗಳನ್ನು ಕತ್ತರಿಸಿ ಹೇಳುವುದು ಸರಿಯಲ್ಲ. ಎರಡು ಆಸೆಗಳೂ ಏಕಕಾಲದಲ್ಲಿ ಇದ್ದುವು. ಹಾಗಿದ್ದರೆ ಒಂದು ಒಡನೆಯೇ ಬೆಳೆದು ಇನ್ನೊಂದು ಮೂವತ್ತು ವರ್ಷ ಕಾಯಬೇಕಾಯಿತೇಕೆ?

೩

ಬೆಳೆದದ್ದರ ಕಥೆ ಜರ್ಮನಿಗೆ ಸೇರಿದ್ದು. ೧೯೭೩ರ ತೈಲದ ಬಿಕ್ಕಟ್ಟು ದೊಡ್ಡ ಎಂಜಿನ್ನಿನ ಕಾರುಗಳ ಮೇಲೆ ಸಂದೇಹವನ್ನು ಹುಟ್ಟಿಸಿತ್ತು. ಮರುವರ್ಷ ಫೋಕ್ಸ್‌ವ್ಯಾಗನ್ ಸಂಸ್ಥೆ, ಇಟಲಿಯ ಜಾರ್ಜೆಟೊ ಜುಜಾರೊ ರೂಪಿಸಿದ ಗಾಲ್ಫ್ ಎಂಬ ಹ್ಯಾಚ್‌ಬ್ಯಾಕನ್ನು ಮಾರುಕಟ್ಟೆಗೆ ತಂದಿತು. ಸಂಸ್ಥೆಯ ಕೆಲವು ಎಂಜಿನಿಯರುಗಳು ಮೇಲಿನವರ ಆದೇಶಕ್ಕೆ ಕಾಯದೆ, ಗುಟ್ಟಾಗಿ ಅದರ ವೇಗದ ರೂಪವೊಂದನ್ನು ಸಿದ್ಧಪಡಿಸತೊಡಗಿದ್ದರು. ಅದು ೧೯೭೫ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ‘ಗಾಲ್ಫ್ ಜಿಟಿಐ’ ಎಂಬ ಹೆಸರಿನಿಂದ ಕಾಣಿಸಿಕೊಂಡು, ಮರುವರ್ಷ ಮಾರಾಟಕ್ಕೆ ಬಂದಿತು. ತೂಕ ಸುಮಾರು ೮೧೦ ಕಿಲೋಗ್ರಾಂ, ೧೫೮೮ ಸಿ.ಸಿ. ಎಂಜಿನ್, ಶಕ್ತಿ ೧೧೦ ಅಶ್ವಶಕ್ತಿ. ಅಂದಿನ ಅನೇಕ ದುಬಾರಿ ಸೆಡಾನುಗಳನ್ನು ಹಿಂದೆ ಹಾಕಬಲ್ಲ ಈ ಕಾರಿನಲ್ಲಿ ಸಂತೆಯ ಸಾಮಾನನ್ನೂ ಮಕ್ಕಳನ್ನೂ ಕೊಂಡೊಯ್ಯಬಹುದಾಗಿತ್ತು.

ಸಂಸ್ಥೆ ಇದನ್ನು ಒಟ್ಟು ೫,೦೦೦ದಷ್ಟು ತಯಾರಿಸಿದರೆ ಸಾಕೆಂದು ಎಣಿಸಿತ್ತು. ಮೊದಲ ಪೀಳಿಗೆಯ ಜಿಟಿಐಗಳೇ ೪,೬೦,೦೦೦ಕ್ಕೂ ಹೆಚ್ಚು ತಯಾರಾದುವು. ಅಭಿರುಚಿಯ ಇತಿಹಾಸಕಾರನಿಗೆ ಈ ಎರಡು ಸಂಖ್ಯೆಗಳ ನಡುವಿನ ಅಂತರ ದೊಡ್ಡ ಪಾಠ. ೧೯೭೫ರವರೆಗಿನ ಮಾರಾಟದ ಅಂಕಿಗಳನ್ನು ಎಷ್ಟು ಜಾಲಾಡಿದರೂ ಈ ಬೇಡಿಕೆಯ ಸುಳಿವು ದೊರೆಯುತ್ತಿರಲಿಲ್ಲ. ಏಕೆಂದರೆ ಕೊಳ್ಳಲು ವಸ್ತುವೇ ಇರಲಿಲ್ಲ. ಅಂಗಡಿಯಲ್ಲಿ ಇಲ್ಲದ ಸರಕಿಗೆ ಲೆಕ್ಕದ ಪುಸ್ತಕದಲ್ಲಿ ಕಲಮು ಇರುವುದಿಲ್ಲ. ಆಸೆ ಇತ್ತು, ಅಂಕಿ ಇರಲಿಲ್ಲ.

ಉಳಿದವರು ಬೇಗನೆ ಹಿಂಬಾಲಿಸಿದರು. ೧೯೭೬ರಲ್ಲಿ ರೆನೋ ೫ ಆಲ್ಪೀನ್, ೧೯೮೦ರಲ್ಲಿ ಫೋರ್ಡ್ ಎಸ್ಕಾರ್ಟಿನ ಎಕ್ಸ್‌ಆರ್೩, ೧೯೮೪ರಲ್ಲಿ ಪ್ಯೂಜೊ ೨೦೫ ಜಿಟಿಐ ಬಂದುವು. ೧೯೮೭ರಿಂದ ೧೯೯೨ರವರೆಗೆ ಸತತವಾಗಿ ಆರು ಬಾರಿ ವಿಶ್ವ ರ‍್ಯಾಲಿಯ ತಯಾರಕರ ಪ್ರಶಸ್ತಿಯನ್ನು ಗೆದ್ದ ಲಾನ್ಸಿಯಾ ಸಂಸ್ಥೆಯ ಡೆಲ್ಟಾ ಕೂಡ ಐದು ಬಾಗಿಲಿನ ಹ್ಯಾಚ್‌ಬ್ಯಾಕೇ.

ಇದೇ ಕಾಲದಲ್ಲಿ ಸೆಡಾನಿನ ಸ್ಥಿತಿ ಹೇಗಿತ್ತು? ಇಲ್ಲಿ ಇತಿಹಾಸವೇ ನಮಗೊಂದು ಪ್ರಯೋಗವನ್ನು ನಡೆಸಿಕೊಟ್ಟಿದೆ. ೧೯೭೯ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿಗೇ ಡಿಕ್ಕಿಯನ್ನು ಸೇರಿಸಿ ಜೆಟ್ಟಾ ಎಂಬ ಸೆಡಾನನ್ನು ಮಾಡಿತು. ಯಂತ್ರ ಒಂದೇ, ತಯಾರಕರೂ ಒಬ್ಬರೇ. ಆಕಾರ ಮಾತ್ರ ಬೇರೆ. ಯೂರೋಪಿನಲ್ಲಿ ಗಾಲ್ಫ್ ಮೆರೆಯಿತು, ಜೆಟ್ಟಾ ಹಿಂದೆ ಉಳಿಯಿತು. ಉತ್ತರ ಅಮೆರಿಕದಲ್ಲಿ ಜೆಟ್ಟಾವೇ ಮುಂದಾಯಿತು. ಬ್ರಿಟನ್ನಿನಲ್ಲಿ ೧೯೮೨ರಲ್ಲಿ ಫೋರ್ಡ್ ತನ್ನ ಕಾರ್ಟಿನಾ ಸೆಡಾನಿನ ಬದಲು ಸಿಯೆರಾ ಹ್ಯಾಚ್‌ಬ್ಯಾಕನ್ನು ತಂದಿತು. ಆದರೆ ಡಿಕ್ಕಿಯುಳ್ಳ ಕಾರೇ ಬೇಕೆನ್ನುವವರಿಗಾಗಿ ೧೯೮೭ರಲ್ಲಿ ಅದಕ್ಕೂ ಸೆಡಾನ್ ರೂಪವನ್ನು ಕೊಡಬೇಕಾಯಿತು. ಇಂಥ ಕಡೆಗಳಲ್ಲಿ ಅಭಿರುಚಿಯ ಪ್ರಭಾವವನ್ನು ನಾವು ಧೈರ್ಯವಾಗಿ ಒಪ್ಪಬಹುದು; ಉಳಿದೆಲ್ಲವೂ ಹೆಚ್ಚುಕಡಮೆ ಸಮವಾಗಿರುವಾಗ ಉಳಿಯುವ ವ್ಯತ್ಯಾಸ ಅಭಿರುಚಿಯದೇ ಆಗಿರಬೇಕು. ಡಿಕ್ಕಿ ಸಾಮಾನಿನ ಜಾಗ ಮಾತ್ರವಲ್ಲ, ಮರ್ಯಾದೆಯ ಗುರುತೂ ಹೌದೆಂಬುದನ್ನು ಮದುವೆಮನೆಗಳ ಮುಂದೆ ನಿಂತ ಕಾರುಗಳನ್ನು ಕಂಡ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

೪

ಹ್ಯಾಚ್‌ಬ್ಯಾಕಿನ ಮೊದಲ ಬೀಳು ಬ್ರಿಟನ್ನಿನಲ್ಲಿ, ೧೯೯೦ರ ದಶಕದ ಆರಂಭದಲ್ಲಿ ಕಂಡುಬಂದಿತು. ಅಂಕಿಗಳನ್ನು ಮಾತ್ರ ನೋಡಿದವರು ‘ತರುಣರು ಇದರಿಂದ ಬೇಸತ್ತರು’ ಎಂದು ಬರೆದಾರು. ನಿಜಾಂಶ ಇದಕ್ಕೆ ತದ್ವಿರುದ್ಧವಾಗಿದೆ. ಆ ಕಾಲದಲ್ಲಿ ಈ ಕಾರುಗಳನ್ನು ಕದ್ದು ಬೀದಿಗಳಲ್ಲಿ ಹುಚ್ಚು ವೇಗದಿಂದ ಓಡಿಸುವುದು ಹುಡುಗರಲ್ಲಿ ಒಂದು ಪಿಡುಗಾಗಿತ್ತು. ೧೯೯೧ರಲ್ಲಿ ಆಕ್ಸ್‌ಫರ್ಡಿನ ಬ್ಲ್ಯಾಕ್‌ಬರ್ಡ್ ಲೀಸ್ ಬಡಾವಣೆಯಲ್ಲಿ ಪೊಲೀಸರು ಇದನ್ನು ತಡೆಯಹೋದಾಗ ಗಲಭೆಗಳಾದುವು. ೧೯೯೨ರಲ್ಲಿ ಪಾರ್ಲಿಮೆಂಟು ಇಂಥ ಕಳವಿನ ಬಗೆಗೆ ಪ್ರತ್ಯೇಕ ಶಾಸನವನ್ನೇ ಮಾಡಿತು. ವಿಮಾ ಸಂಸ್ಥೆಗಳು ಕಂತನ್ನು ಏರಿಸಿದವು. ತರುಣನೊಬ್ಬನಿಗೆ ಕಾರನ್ನು ಕೊಳ್ಳುವುದಕ್ಕಿಂತ ಅದಕ್ಕೆ ವಿಮೆ ಮಾಡಿಸುವುದೇ ಕಷ್ಟವಾಯಿತು.

ಈ ಪ್ರಸಂಗದ ವಿಚಿತ್ರವನ್ನು ನೋಡಿರಿ. ಕಾರು ಕಳವಾದುದು ಅದು ಬೇಡವಾದುದರಿಂದಲ್ಲ, ಬಹಳ ಬೇಕಾದುದರಿಂದ. ಬೇಡಿಕೆಯ ಆಧಿಕ್ಯವೇ ಕಳವನ್ನೂ, ಕಳವು ವಿಮೆಯ ಏರಿಕೆಯನ್ನೂ, ವಿಮೆ ಮಾರಾಟದ ಇಳಿತವನ್ನೂ ತಂದಿತು. ಮಾರಾಟದ ಪಟ್ಟಿಯಲ್ಲಿ ಕಡಮೆಯಾದ ಅಂಕಿ ವಾಸ್ತವದಲ್ಲಿ ಹೆಚ್ಚಿದ ಆಸೆಯ ಫಲವಾಗಿತ್ತು.

ಅದೇ ದಶಕದಲ್ಲಿ ವೇಗದ ಕೀರ್ತಿ ಮತ್ತೆ ಸೆಡಾನಿಗೆ ಮರಳಿತೆಂಬುದನ್ನೂ ಮರೆಯಬಾರದು. ಸುಬಾರು ಇಂಪ್ರೆಜಾ ೧೯೯೫ರಿಂದ ೧೯೯೭ರವರೆಗೆ ರ‍್ಯಾಲಿಯ ತಯಾರಕರ ಪ್ರಶಸ್ತಿಯನ್ನು ಗೆದ್ದುಕೊಟ್ಟಿತು. ಮಿತ್ಸುಬಿಶಿ ಲ್ಯಾನ್ಸರಿನಲ್ಲಿ ಟಾಮಿ ಮಾಕಿನೆನ್ ೧೯೯೬ರಿಂದ ೧೯೯೯ರವರೆಗೆ ನಾಲ್ಕು ಬಾರಿ ಚಾಲಕರ ಪ್ರಶಸ್ತಿಯನ್ನು ಪಡೆದ. ಚುರುಕುತನ ಯಾವುದೋ ಒಂದು ಆಕಾರಕ್ಕೆ ಅಂಟಿಕೊಂಡ ಗುಣವಲ್ಲ. ವೀರರು ಯಾವುದನ್ನು ಏರಿ ಬರುತ್ತಾರೋ ಅದನ್ನು ಅದು ಸೇರುತ್ತದೆ.

೫

ಇನ್ನು ಕಾಯುತ್ತಿದ್ದ ಸೋದರನ ಕಡೆಗೆ ಬರೋಣ. ೧೯೯೦ರಲ್ಲಿ ಫೋಕ್ಸ್‌ವ್ಯಾಗನ್ ‘ಗಾಲ್ಫ್ ಕಂಟ್ರಿ’ ಎಂಬ ಹೆಸರಿನಲ್ಲಿ ನೆಲದಿಂದ ಎತ್ತರಿಸಿದ, ನಾಲ್ಕು ಚಕ್ರಗಳ ಚಾಲನೆಯ ಗಾಲ್ಫನ್ನು ಮಾರಿ ನೋಡಿತು. ಎಂಟು ಸಾವಿರವೂ ತಯಾರಾಗದೆ ಅದು ನಿಂತುಹೋಯಿತು. ೧೯೯೪ರಲ್ಲಿ ಟೊಯೋಟಾದ ರ‍್ಯಾವ್೪, ಮರುವರ್ಷ ಹೋಂಡಾದ ಸಿಆರ್-ವಿ ಬಂದು ದಾರಿಯನ್ನು ತೆರೆದುವು. ಯೂರೋಪಿನಲ್ಲಿ ನಿರ್ಣಾಯಕ ವರ್ಷ ೨೦೦೭. ನಿಸಾನ್ ಸಂಸ್ಥೆ ಅಲ್ಲಿ ಆಲ್ಮೆರಾ ಹ್ಯಾಚ್‌ಬ್ಯಾಕನ್ನೂ ಪ್ರೈಮೆರಾ ಸೆಡಾನನ್ನೂ ಮುಂದುವರಿಸದೆ, ಎರಡಕ್ಕೂ ಬದಲಾಗಿ ಬ್ರಿಟನ್ನಿನ ಸಂಡರ್‌ಲ್ಯಾಂಡಿನಲ್ಲಿ ತಯಾರಾಗುವ ಕ್ಯಾಶ್ಕಾಯ್ ಎಂಬ ಕ್ರಾಸ್‌ಓವರನ್ನು ಮಾರಾಟಕ್ಕಿಟ್ಟಿತು. ೨೦೨೨ರಲ್ಲಿ ಬ್ರಿಟನ್ನಿನಲ್ಲಿ ಅತ್ಯಧಿಕವಾಗಿ ಮಾರಾಟವಾದ ಕಾರು ಅದೇ. ಅದಕ್ಕೆ ಮೊದಲು ಹನ್ನೆರಡು ವರ್ಷ ಆ ಸ್ಥಾನದಲ್ಲಿದ್ದ ಫೋರ್ಡ್ ಫಿಯೆಸ್ಟಾ ಹ್ಯಾಚ್‌ಬ್ಯಾಕಿನ ತಯಾರಿಕೆ ೨೦೨೩ರ ಜುಲೈಯಲ್ಲಿ ಕಲೋನಿನಲ್ಲಿ ಮುಗಿಯಿತು. ಫಿಯೆಸ್ಟಾದ ಚೌಕಟ್ಟಿನ ಮೇಲೆಯೇ ನಿಂತ ಪೂಮಾ ಕ್ರಾಸ್‌ಓವರ್ ಆ ವರ್ಷವೇ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು.

ಈ ಗೆಲವಿನಲ್ಲಿ ಕೊಳ್ಳುವವರ ನಿಜವಾದ ಮೆಚ್ಚುಗೆಯ ಪಾಲಿದೆ. ಅದನ್ನು ಅಲ್ಲಗಳೆಯುವುದು ಹಠವಾದೀತು. ಎತ್ತರದ ಆಸನಕ್ಕೆ ಬಗ್ಗದೆ ಹತ್ತಿ ಇಳಿಯಬಹುದು. ಮಂಡಿನೋವಿನ ಹಿರಿಯರಿಗೂ ಮಗುವನ್ನೆತ್ತಿ ಕೂರಿಸುವ ತಾಯಿಗೂ ಇದು ಚಿಕ್ಕ ಸಂಗತಿಯಲ್ಲ. ಮುಂದಿನ ರಸ್ತೆ ಚೆನ್ನಾಗಿ ಕಾಣುತ್ತದೆ. ತಾನು ಸುರಕ್ಷಿತನೆಂಬ ಭಾವ ಮೂಡುತ್ತದೆ. ಆದರೆ ತಯಾರಕನ ಲಾಭವೂ ಇಲ್ಲಿ ಕೆಲಸಮಾಡಿದೆ. ಅದೇ ಚೌಕಟ್ಟು, ಅದೇ ಎಂಜಿನ್; ಮೈಯನ್ನು ಎತ್ತರಿಸಿದೊಡನೆ ಹೆಚ್ಚಿನ ಬೆಲೆ ಕೇಳಲು ಸಾಧ್ಯವಾಯಿತು. ೨೦೧೮ರ ಏಪ್ರಿಲ್‌ನಲ್ಲಿ ಫೋರ್ಡ್ ಉತ್ತರ ಅಮೆರಿಕದಲ್ಲಿ ತನ್ನ ಸೆಡಾನುಗಳನ್ನು ಕೈಬಿಡುವುದಾಗಿ ಸಾರಿದಾಗ, ಕುಗ್ಗಿದ ಬೇಡಿಕೆಯನ್ನೂ ಕುಗ್ಗಿದ ಲಾಭವನ್ನೂ ಒಟ್ಟಿಗೆ ಕಾರಣವಾಗಿ ಹೇಳಿತು. ಬೇಡಿಕೆಯ ಮಾತು ಲೋಕದಲ್ಲಿ ಉಳಿಯಿತು. ಲಾಭದ ಮಾತನ್ನು ಅನೇಕರು ಮರೆತರು.

೬

ಮೂರನೆಯ ಶಕ್ತಿ ಶಾಸನ. ತೈಲದ ಬಿಕ್ಕಟ್ಟಿನ ಬೆನ್ನಲ್ಲೇ, ೧೯೭೫ರಲ್ಲಿ, ಅಮೆರಿಕ ಇಂಧನ ಮಿತವ್ಯಯದ ಶಾಸನವನ್ನು ಮಾಡಿತು. ಅದರ ಅನುಷ್ಠಾನದಲ್ಲಿ ‘ಕಾರು’ ಮತ್ತು ‘ಹಗುರ ಟ್ರಕ್ಕು’ ಎಂದು ಎರಡು ವರ್ಗಗಳಾದುವು. ಎರಡನೆಯದಕ್ಕೆ ಸಡಿಲವಾದ ಮಿತಿ. ರೈತರ ಮತ್ತು ಕಸುಬುದಾರರ ವಾಹನಗಳಿಗೆ ಕೊಟ್ಟ ಈ ರಿಯಾಯಿತಿಯ ಆಶ್ರಯದಲ್ಲಿ ಕುಟುಂಬದ ಕಾರುಗಳೂ ಸೇರಿಕೊಂಡವು. ೨೦೦೦ದಲ್ಲಿ ಬಂದ ಕ್ರೈಸ್ಲರ್ ಪಿಟಿ ಕ್ರೂಸರ್ ನೋಟಕ್ಕೆ ಹ್ಯಾಚ್‌ಬ್ಯಾಕ್, ಲೆಕ್ಕಕ್ಕೆ ಟ್ರಕ್ಕು. ಕೆಲವು ವರ್ಷಗಳ ಅನಂತರ ಸುಬಾರು ತನ್ನ ಔಟ್‌ಬ್ಯಾಕ್ ಕಾರನ್ನು ಅಲ್ಪಸ್ವಲ್ಪ ಮಾರ್ಪಡಿಸಿ ಅದೇ ವರ್ಗಕ್ಕೆ ಸೇರಿಸಿತು. ಆದಕಾರಣ ‘ಅಮೆರಿಕನ್ನರು ಕಾರನ್ನು ಬಿಟ್ಟು ಟ್ರಕ್ಕಿಗೆ ಹೋದರು’ ಎಂದು ಸಾರುವ ಅಂಕಿಗಳಲ್ಲಿ ಜನರ ಚಲನೆ ಎಷ್ಟು, ಹೆಸರುಗಳ ಚಲನೆ ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡಬೇಕು.

ಯೂರೋಪಿನಲ್ಲಿ ಇಂಥ ವರ್ಗಭೇದವಿರಲಿಲ್ಲ. ಅಲ್ಲಿ ೨೦೦೯ರ ನಿಯಮ ಪ್ರತಿ ತಯಾರಕನ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡಿಗೆ ಮಿತಿಯನ್ನು ಗೊತ್ತುಮಾಡಿತು: ೨೦೧೫ಕ್ಕೆ ಕಿಲೋಮೀಟರಿಗೆ ೧೩೦ ಗ್ರಾಂ, ಮುಂದೆ ೯೫ ಗ್ರಾಂ. ಮಿತಿ ಮೀರಿದ ಪ್ರತಿ ಗ್ರಾಮಿಗೆ ಕಾರೊಂದಕ್ಕೆ ೯೫ ಯೂರೊ ದಂಡ. ಭಾರವಾದ ವಾಹನಗಳನ್ನು ಮಾರುವವರಿಗೆ ತುಸು ಹೆಚ್ಚಿನ ಮಿತಿ. ಕೆಲವೇ ಸಾವಿರ ಮಾರುವ ಚುರುಕು ಹ್ಯಾಚ್‌ಬ್ಯಾಕಿನ ಹೊಗೆ ಇಡೀ ಸಂಸ್ಥೆಯ ಸರಾಸರಿಯನ್ನು ಕೆಡಿಸತೊಡಗಿದಾಗ, ಅದನ್ನು ಕೈಬಿಡುವುದೇ ಲೆಕ್ಕಕ್ಕೆ ಹಿತವಾಯಿತು. ರೆನೋ ಮೆಗಾನ್ ಆರ್‌ಎಸ್ ೨೦೨೩ರಲ್ಲಿ ಮುಗಿಯಿತು; ಹ್ಯುಂಡೈ ಐ೩೦ ಎನ್ ಯೂರೋಪಿನಲ್ಲಿ ಮರುವರ್ಷ ಮುಗಿಯಿತು. ಇವುಗಳ ಇಲ್ಲದಿರುವಿಕೆಯನ್ನು ಕೊಳ್ಳುವವರ ತಿರಸ್ಕಾರವೆಂದು ಬರೆಯುವುದು, ಮುಚ್ಚಿದ ಅಂಗಡಿಯ ಮುಂದೆ ನಿಂತು ಗಿರಾಕಿಗಳಿಲ್ಲವೆಂದಂತೆ.

೭

ನಮ್ಮ ದೇಶದ ನಿದರ್ಶನ ಇನ್ನೂ ಬೋಧಪ್ರದವಾಗಿದೆ. ೨೦೦೬ರ ಆಯವ್ಯಯದಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇಕಡ ೨೪ರಿಂದ ೧೬ಕ್ಕೆ ಇಳಿಸಿದರು. ಸಣ್ಣ ಕಾರೆಂದರೆ ನಾಲ್ಕು ಮೀಟರ್ ಮೀರದ ಉದ್ದ, ೧೨೦೦ ಸಿ.ಸಿ. ಮೀರದ ಪೆಟ್ರೋಲ್ ಎಂಜಿನ್ ಅಥವಾ ೧೫೦೦ ಸಿ.ಸಿ. ಮೀರದ ಡೀಸೆಲ್ ಎಂಜಿನ್. ಈ ಒಂದು ಗೆರೆಯ ಸುತ್ತ ಭಾರತದ ಕಾರುಗಳ ಆಕಾರವೇ ಬದಲಾಯಿತು. ೨೦೦೮ರಲ್ಲಿ ಟಾಟಾ ಇಂಡಿಗೊ ಸಿಎಸ್ ಡಿಕ್ಕಿಯನ್ನು ಮೊಟಕುಮಾಡಿಕೊಂಡು ಗೆರೆಯೊಳಗೆ ಬಂದಿತು. ೨೦೧೨ರಲ್ಲಿ ಡಿಸೈರ್ ಹಾಗೆಯೇ ಮಾಡಿತು. ೨೦೧೩ರಲ್ಲಿ ಫೋರ್ಡ್ ಇಕೋಸ್ಪೋರ್ಟ್ ೩,೯೯೯ ಮಿಲಿಮೀಟರ್ ಉದ್ದದ ಕ್ರಾಸ್‌ಓವರಾಗಿ ಒಳನುಗ್ಗಿತು. ೨೦೧೭ರ ಸರಕು ಮತ್ತು ಸೇವಾ ತೆರಿಗೆಯಲ್ಲಿಯೂ, ಸಣ್ಣದಕ್ಕೆ ಶೇಕಡ ೧೮, ದೊಡ್ಡದಕ್ಕೆ ಶೇಕಡ ೪೦ ಎಂದು ೨೦೨೫ರ ಸೆಪ್ಟೆಂಬರಿನಲ್ಲಿ ಮಾಡಿದ ಪರಿಷ್ಕರಣದಲ್ಲಿಯೂ ಈ ಅಳತೆಗಳೇ ಉಳಿದುಬಂದುವು.

ಗೆರೆಯ ಪೆಟ್ಟು ಬಿದ್ದುದು ಚುರುಕು ಹ್ಯಾಚ್‌ಬ್ಯಾಕಿಗೆ. ೨೦೧೫ರ ಅಬಾರ್ತ್ ಪುಂಟೊ ಉದ್ದದಲ್ಲಿ ಒಳಗಿದ್ದರೂ ೧೩೬೮ ಸಿ.ಸಿ. ಎಂಜಿನ್ನಿನಿಂದಾಗಿ ಹೆಚ್ಚಿನ ಸುಂಕಕ್ಕೆ ಒಳಗಾಯಿತು. ೨೦೧೩ರ ಪೋಲೊ ಜಿಟಿ ಟಿಎಸ್‌ಐ ೧೧೯೭ ಸಿ.ಸಿ.ಯೊಳಗೇ ಟರ್ಬೊ ಅಳವಡಿಸಿ ೧೦೫ ಅಶ್ವಶಕ್ತಿಯನ್ನು ಪಡೆದು ಬದುಕಿಕೊಂಡಿತು. ಪೋಲೊದ ತಯಾರಿಕೆ ೨೦೨೨ರಲ್ಲಿ ಇಲ್ಲಿ ನಿಂತಿತು. ಅದೇ ವರ್ಷ ಅದೇ ಸಂಸ್ಥೆ ೧೫೦ ಅಶ್ವಶಕ್ತಿಯ ಎಂಜಿನ್ನನ್ನು ವರ್ಟಸ್ ಎಂಬ ಸೆಡಾನಿಗೆ ಕೊಟ್ಟಿತು. ೨೦೨೫ರಲ್ಲಿ ಗಾಲ್ಫ್ ಜಿಟಿಐ ಭಾರತಕ್ಕೆ ಬಂದಾಗ ಆಮದಿನ ಸರಕಾಗಿ ಬಂದಿತು. ಬೆಲೆ ಸುಮಾರು ೫೩ ಲಕ್ಷ ರೂಪಾಯಿ. ಜರ್ಮನಿಯಲ್ಲಿ ಸಾಮಾನ್ಯರಿಗೂ ಎಟುಕುವ ವೇಗವೆಂದು ಹುಟ್ಟಿದ್ದು ನಮ್ಮಲ್ಲಿ ಸಿರಿವಂತರ ಸಂಗ್ರಹದ ವಸ್ತುವಾಯಿತು.

ಆದರೂ ನಾಲ್ಕು ಮೀಟರಿನ ಗೆರೆಯೊಳಗೆ ಮೂರು ಆಕಾರಗಳಿಗೂ ಒಂದೇ ತೆರಿಗೆ. ಆದುದರಿಂದ ಅಭಿರುಚಿಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕ್ಷೇತ್ರ ಸಿಕ್ಕುವುದು ಕಷ್ಟ. ಟಾಟಾ ಸಂಸ್ಥೆ ಒಂದೇ ಚೌಕಟ್ಟಿನ ಮೇಲೆ ೨೦೨೦ರಲ್ಲಿ ಆಲ್ಟ್ರೋಜ್ ಹ್ಯಾಚ್‌ಬ್ಯಾಕನ್ನೂ ೨೦೨೧ರಲ್ಲಿ ಎತ್ತರದ ಪಂಚನ್ನೂ ತಂದಿತು. ೨೦೨೪ರಲ್ಲಿ ಆಲ್ಟ್ರೋಜಿಗೆ ೧೨೦ ಅಶ್ವಶಕ್ತಿಯ ‘ರೇಸರ್’ ರೂಪ ಬಂದಿತು. ಅದೇ ವರ್ಷ ಪಂಚ್ ೨ ಲಕ್ಷಕ್ಕೂ ಹೆಚ್ಚು ಮಾರಿ, ದಶಕಗಳಿಂದ ಮಾರುತಿಯ ಕೈಯಲ್ಲಿದ್ದ ಮೊದಲ ಸ್ಥಾನವನ್ನು ಕಸಿದುಕೊಂಡಿತು. ಸಿಮ್ಕಾದ ಇಬ್ಬರು ಮಕ್ಕಳ ಕಥೆ ಐವತ್ತು ವರ್ಷಗಳ ಅನಂತರ ಮತ್ತೆ ನಡೆದಂತಾಯಿತು, ಫಲ ಮಾತ್ರ ತಲೆಕೆಳಗಾಗಿ. ಪಂಚಿನ ಆರಂಭದ ಬೆಲೆ ಆಲ್ಟ್ರೋಜಿನದಕ್ಕಿಂತ ಕಡಮೆಯಿತ್ತೆಂಬುದನ್ನು ನೆನಪಿನಲ್ಲಿಟ್ಟುಕೊಂಡರೂ, ಎತ್ತರದ ಕಡೆಗೆ ಜನರ ಒಲವು ಇಲ್ಲಿ ಸ್ಪಷ್ಟವಾಗಿದೆ. ರಸ್ತೆಯ ಉಬ್ಬುಗಳೂ ಮಳೆಗಾಲದ ಗುಂಡಿಗಳೂ ಆ ಒಲವಿಗೆ ಸಾಕಷ್ಟು ಕಾರಣವನ್ನು ಒದಗಿಸುತ್ತವೆ. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿಯೂ ಇದೇ ತಿರುವನ್ನು ಕಾಣಬಹುದು: ಇಟಿಯೋಸ್ ಸೆಡಾನ್, ಲಿವಾ ಹ್ಯಾಚ್‌ಬ್ಯಾಕುಗಳು ೨೦೨೦ರಲ್ಲಿ ನಿಂತು, ೨೦೨೨ರಿಂದ ಹೈರೈಡರ್ ಕ್ರಾಸ್‌ಓವರ್ ಅಲ್ಲಿ ತಯಾರಾಗುತ್ತಿದೆ.

೮

ನಮ್ಮ ವಾದಕ್ಕೆ ಎದುರಾಗುವ ಆಕ್ಷೇಪವೊಂದನ್ನು ಇಲ್ಲಿ ಪರಿಶೀಲಿಸಬೇಕು. ಅಮೆರಿಕದ ವರ್ಗಭೇದವಾಗಲಿ ಭಾರತದ ಗೆರೆಯಾಗಲಿ ಇಲ್ಲದ ಯೂರೋಪಿನಲ್ಲಿಯೂ ಕ್ರಾಸ್‌ಓವರ್ ಗೆದ್ದಿದೆಯಲ್ಲ. ಹೀಗಿರಲು ಶಾಸನದ ಮಾತೇಕೆ? ಆಕ್ಷೇಪ ಬಲವಾದುದೇ. ಶಾಸನವೊಂದೇ ಎಲ್ಲವನ್ನೂ ಮಾಡಿತೆಂದು ನಾವೂ ಹೇಳುವುದಿಲ್ಲ. ಆದರೆ ಸೋತವರು ಯಾರೆಂಬುದನ್ನು ಗಮನಿಸಬೇಕು. ಹಿಂಬಾಗಿಲು ಸೋಲಲಿಲ್ಲ, ಕ್ರಾಸ್‌ಓವರ್ ಅದನ್ನು ತನ್ನದಾಗಿ ಮಾಡಿಕೊಂಡಿದೆ. ಸಣ್ಣ ಹ್ಯಾಚ್‌ಬ್ಯಾಕೂ ಸೋಲಲಿಲ್ಲ; ೨೦೨೩ರಲ್ಲಿ ಟೆಸ್ಲಾ ಮಾಡೆಲ್ ವೈ ಎಂಬ ಕ್ರಾಸ್‌ಓವರ್ ಯೂರೋಪಿನ ಮೊದಲ ಸ್ಥಾನದಲ್ಲಿದ್ದರೂ, ೨೦೨೪ರಲ್ಲಿ ಆ ಸ್ಥಾನ ಡಾಸಿಯಾ ಸಾಂಡೆರೊ ಎಂಬ ಅಗ್ಗದ ಹ್ಯಾಚ್‌ಬ್ಯಾಕಿನದಾಯಿತು. ಕೈಗೆಟುಕುವ ಬೆಲೆಗೆ ಒದಗಿಸಿದಾಗ ಜನ ಕೊಂಡಿದ್ದಾರೆ. ಚುರುಕುತನದ ಆಸೆಯೂ ಸತ್ತಿಲ್ಲ. ೨೦೨೦ರಲ್ಲಿ ಟೊಯೋಟಾ ರ‍್ಯಾಲಿಗಾಗಿ ಮಾಡಿದ ಜಿಆರ್ ಯಾರಿಸ್, ಸಂಸ್ಥೆ ನಿರೀಕ್ಷಿಸಿದ್ದಕ್ಕಿಂತ ಹೆಚ್ಚಿನ ಬೇಡಿಕೆಯನ್ನು ಕಂಡಿತು. ೧೯೭೫ರ ಐದು ಸಾವಿರದ ಪಾಠ ಮತ್ತೊಮ್ಮೆ ಎದುರು ನಿಂತಿತು.

ಇಷ್ಟರಿಂದ ನಾವು ತಲುಪುವ ನಿರ್ಣಯ ಇದು. ಮಾರಾಟದ ಅಂಕಿ ಒಂದು ವ್ಯವಹಾರದ ದಾಖಲೆ. ಅದರಲ್ಲಿ ಕೊಳ್ಳುವವನ ಆಸೆ, ಮಾರುವವನ ಲಾಭ, ಆಳುವವನ ಸುಂಕ ಮೂರೂ ಬೆರೆತಿರುತ್ತವೆ. ಎರಡನ್ನು ಸಮವಾಗಿರಿಸಿ ಮೂರನೆಯದನ್ನು ನೋಡಲು ಸಾಧ್ಯವಾದಲ್ಲಿ ಮಾತ್ರ—ಗಾಲ್ಫ್ ಮತ್ತು ಜೆಟ್ಟಾಗಳಲ್ಲಿ, ಒಂದಿಷ್ಟು ಮಟ್ಟಿಗೆ ಆಲ್ಟ್ರೋಜ್ ಮತ್ತು ಪಂಚುಗಳಲ್ಲಿ—ಅಭಿರುಚಿಯ ಬಗೆಗೆ ನಿಶ್ಚಯವಾಗಿ ಮಾತನಾಡಬಹುದು. ಉಳಿದೆಡೆ ‘ಜನರೇ ಬೇಡವೆಂದರು’ ಎನ್ನುವುದು ತಯಾರಕನ ಮತ್ತು ಸರ್ಕಾರದ ಹೊಣೆಯನ್ನು ಜನರ ಮೇಲೆ ಹೊರಿಸಿದಂತೆ. ಇಂದು ಹೀಗೆ ಬರೆದುದನ್ನು ನಾಳಿನವರು ಸಾಕ್ಷ್ಯವಾಗಿ ಎತ್ತಿಕೊಳ್ಳುತ್ತಾರೆ. ಆದುದರಿಂದ ನಮ್ಮ ವಿದ್ಯಾರ್ಥಿಗಳು ಯಾವುದೇ ಸರಕಿನ ಅಂಕಿಗಳನ್ನು ಕೈಗೆತ್ತಿಕೊಂಡಾಗ, ಎಷ್ಟು ಮಾರಿತೆಂದು ಕೇಳುವ ಮೊದಲು, ಅದು ಅಂಗಡಿಯಲ್ಲಿ ಇತ್ತೆ, ಯಾವ ಬೆಲೆಗೆ ಇತ್ತು, ಆ ಬೆಲೆಯನ್ನು ಕಟ್ಟಿದವರು ಯಾರು ಎಂದು ಕೇಳುವುದನ್ನು ರೂಢಿಸಿಕೊಳ್ಳಬೇಕೆಂಬುದು ನಮ್ಮ ಸೂಚನೆ.